ಡಿಕ್ಕಿಯೊಳಗೆ ಬಂದ ನೀರು

ಆ ದಾರ ಕಟ್ಟಿದವನು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಅದಕ್ಕೆ ಬೈಗುಳ ತಿಂದವನು ನನ್ನ ಅಣ್ಣ.

ನಮ್ಮ ಮನೆತನದಲ್ಲಿ ಬಿ.ಎಸ್ಸಿ. ಪಾಸು ಮಾಡಿದವರಲ್ಲಿ ನಾನೇ ಮೊದಲಿಗ. ಆ ಹೆಮ್ಮೆ ನನಗೆ ಇಂದಿಗೂ ಇದೆ. ಅಣ್ಣ ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ದನ, ಹೊಲ ನೋಡಿಕೊಂಡಿದ್ದರಿಂದ ನನ್ನ ಓದು ನಡೆಯಿತು. ಅದನ್ನು ಅವನು ಒಂದು ದಿನವೂ ಎತ್ತಿ ಆಡಿದವನಲ್ಲ. ಎಂಬತ್ತರ ದಶಕದಲ್ಲಿ ಅವನು ಬಂಗಾರಪೇಟೆಯ ಯಜಮಾನರೊಬ್ಬರ ಬಾಡಿಗೆ ಕಾರು ಓಡಿಸುತ್ತಿದ್ದ. ಕೆಜಿಎಫ್ ಕಡೆಯ ಮಾರಿಕುಪ್ಪಂ ರೈಲು ತಪ್ಪಿಸಿಕೊಂಡವರನ್ನು ಸ್ಟೇಷನ್ನಿನಿಂದ ಕೆಜಿಎಫ್‌ಗೆ ಮುಟ್ಟಿಸುವುದು ಅವನ ಕೆಲಸ. ನಾನು ಡಿಗ್ರಿ ಇಟ್ಟುಕೊಂಡು ಕೆಲಸಕ್ಕೆ ಅರ್ಜಿ ಹಾಕುತ್ತಿದ್ದೆ. ಮನೆಯಲ್ಲಿ ಒಲೆ ಉರಿಯುತ್ತಿದ್ದುದು ಅಣ್ಣನ ದುಡಿಮೆಯಿಂದ.

ಆಯುಧಪೂಜೆಯ ದಿನ ಸ್ಟ್ಯಾಂಡಿನ ಕಾರುಗಳಿಗೆಲ್ಲ ಹಿಂದಿನ ದೀಪದಿಂದ ದೀಪಕ್ಕೆ ಚೆಂಡುಹೂವಿನ ಹಾರ ಎಳೆದು ಕಟ್ಟುತ್ತಿದ್ದರು. ನಮ್ಮ ಕಾರಿನ ಹಾರ ಮಾತ್ರ ನಿಲ್ಲದೆ ಜಾರುತ್ತಿತ್ತು. ನಾನು ತಿರುಪುಳಿ ತಂದು ಎರಡೂ ದೀಪಗಳ ಸ್ಕ್ರೂ ಸಡಿಲಿಸಿದೆ. ಹಾರದ ದಾರವನ್ನು ದೀಪಕ್ಕೂ ಅದರ ಹಿಂದಿನ ರಬ್ಬರಿಗೂ ನಡುವೆ ಸುತ್ತಿ ಮತ್ತೆ ಬಿಗಿದೆ. ಹಾರ ಅಲುಗಲಿಲ್ಲ.

"ನೋಡ್ರಪ್ಪಾ, ಡಿಗ್ರಿ ಓದ್ದೋನ ತಲೆ!" ಎಂದು ಅಣ್ಣ ಉಳಿದ ಡ್ರೈವರುಗಳ ಮುಂದೆ ಬೀಗಿದ.

"ಅಂಗಾರೆ ನಮ್ ಬಂಡೀಗೂ ಒಸಿ ಕಟ್ಟೋಕೇಳು, ಆರ ಕಟ್ಟೋದ್ರಾಗೆ ಅವ್ನೇ ನಮ್ಗೆ ಮೇಷ್ಟ್ರಾಗ್ಲಿ," ಎಂದು ಒಬ್ಬ ನಕ್ಕ.

ಹೂವು ಬಾಡಿದ ಮೇಲೆ ಹಾರವನ್ನು ಕತ್ತರಿಸಿ ತೆಗೆದೆ. ಒಳಗೆ ಸಿಕ್ಕಿಕೊಂಡಿದ್ದ ದಾರ ಅಲ್ಲೇ ಉಳಿಯಿತು.

ಆಮೇಲೆ ಮಳೆ ಹಿಡಿಯಿತು. ಕೆಜಿಎಫ್‌ನಲ್ಲಿ ಅಂಗಡಿ ಇಟ್ಟಿದ್ದ ಜವಳಿ ವ್ಯಾಪಾರಿಯೊಬ್ಬರು ವಾರಕ್ಕೊಮ್ಮೆ ಗಂಟುಗಳನ್ನು ನಮ್ಮ ಕಾರಿನಲ್ಲಿ ಒಯ್ಯುತ್ತಿದ್ದರು. ಒಂದು ದಿನ ಡಿಕ್ಕಿ ತೆಗೆದರೆ ತಳದಲ್ಲಿ ನೀರು.

"ಏನಪ್ಪಾ ಇದು, ಡಿಕ್ಕಿಯೋ ಕುಂಟೆಯೋ? ಮೀನು ಬಿಟ್ಟಿದ್ದೀಯೇನು?" ಎಂದು ಅವರು ರೇಗಿ, ನೇರ ಯಜಮಾನರಿಗೆ ದೂರು ಕೊಟ್ಟರು.

ಯಜಮಾನರು ಅಣ್ಣನನ್ನು ಕರೆಸಿದರು. "ಇನ್ನೊಂದ್ಸಲ ಒಳಗೆ ನೀರು ಬಂತೋ, ಕೀ ಇಟ್ಟು ಓಗ್ತಾ ಇರು."

"ನೀನು ಬಿಡಣ್ಣಾ, ನಾನು ನೋಡ್ತೀನಿ," ಎಂದೆ. ನೀರು ದೀಪದ ಸುತ್ತಲಿನಿಂದ ಇಳಿಯುತ್ತಿರುವುದು ಕಲೆ ನೋಡಿದರೇ ತಿಳಿಯುತ್ತಿತ್ತು. ದೀಪ ಬಿಚ್ಚಿ ನೋಡುವ ತಾಳ್ಮೆ ಇದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ನಾನು ಸಂದು ಮುಚ್ಚುವ ಪುಟ್ಟಿ ತಂದು ಹೊರಗಿನಿಂದ ಅಂಚಿಗೆ ಬಳಿದೆ. ನೋಡಲು ಅಚ್ಚುಕಟ್ಟಾಗಿತ್ತು. ಅಣ್ಣ ಒಂದು ಮಾತೂ ಕೇಳದೆ ನಂಬಿದ.

ಮುಂದಿನ ಮಳೆಗೆ ಮದುವೆ ಜವಳಿಯ ಗಂಟು ನೆನೆಯಿತು. ಸೀರೆಯ ಬಣ್ಣ ಪಂಚೆಗಳಿಗೆ ಹತ್ತಿತ್ತು. ಕಾರು ತೊಳೆದು ಸಂಜೆಯೊಳಗೆ ಕೀ ಒಪ್ಪಿಸು ಎಂದು ಯಜಮಾನರು ಅಣ್ಣನಿಗೆ ಹೇಳಿ ಕಳಿಸಿದರು.

ಆ ಮಧ್ಯಾಹ್ನ ಪುಟ್ಟಿ ಕೆರೆದು ದೀಪ ಬಿಚ್ಚಿದೆ. ರಬ್ಬರಿನ ಮೇಲೆ ಹಾರದ ದಾರ ಒದ್ದೆಯಾಗಿ ಮಲಗಿತ್ತು. ಒಂದು ತುದಿ ಪುಟ್ಟಿ ಬಳಿದಿದ್ದ ಅಂಚಿನ ಆಚೆಗೆ ಕೂದಲಷ್ಟು ಇಣುಕಿತ್ತು, ಇನ್ನೊಂದು ಡಿಕ್ಕಿಯೊಳಗೆ ಇಳಿಬಿದ್ದಿತ್ತು. ಬತ್ತಿ ಎಣ್ಣೆ ಹೀರುವ ಹಾಗೆ ಅದು ಹೊರಗಿನ ನೀರನ್ನು ಒಳಕ್ಕೆ ಎಳೆದಿತ್ತು. ಬಿ.ಎಸ್ಸಿ.ಯಲ್ಲಿ ನಾನು ಓದಿ ಬರೆದು ಅಂಕ ತೆಗೆದ ಪಾಠವೇ ಅದು. ದಾರ ಎಳೆದು ಅಂಗೈಯಲ್ಲಿ ಸುತ್ತಿಕೊಂಡೆ.

ಯಜಮಾನರ ಮನೆಗೆ ಹೋಗಿ ದಾರ ತೋರಿಸಿದೆ. "ಇದು ಕಟ್ಟಿದ್ದು ನಾನು ಸ್ವಾಮಿ. ಅಣ್ಣಂದೇನೂ ತಪ್ಪಿಲ್ಲ."

ಅವರು ನನ್ನನ್ನು ಕನಿಕರದಿಂದ ನೋಡಿದರು. "ಅಣ್ಣನ್ನ ಉಳಿಸ್ಕೊಳ್ಳೋಕೆ ಬಂದಿದ್ದೀಯ, ಒಳ್ಳೇದೇ. ಆದ್ರೆ ಓದ್ದೋನು ಇಂಥ ಕೆಲ್ಸ ಮಾಡ್ತಾನೇನಯ್ಯಾ? ಇದೆಲ್ಲಾ ಏಳನೇ ಕ್ಲಾಸ್‌ನೋರ ಬುದ್ಧಿ."

"ಇಲ್ಲ ಸ್ವಾಮಿ, ನಾನೇ," ಎಂದು ಇನ್ನೊಮ್ಮೆ ಹೇಳಿದೆ. ಮೂರನೆಯ ಸಲ ಹೇಳಲಿಲ್ಲ. ಅವರು ನಂಬದೆ ಇದ್ದುದು ಒಳಗೆಲ್ಲೋ ನನಗೆ ಹಿತವಾಗಿತ್ತು. ಈ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ.

ವಾಪಸು ಬಂದು ಅಣ್ಣನಿಗೆ ದಾರದ ವಿಷಯ ಹೇಳಿದೆ. ಅವನು ಬಗ್ಗಿ ದೀಪದ ಗೂಡು ನೋಡಿದ.

"ದೀಪ ಬಿಚ್ಚಿ ಅಂಗೇ ಬಿಟ್ಟಿದ್ದೀಯೇನ್ಲಾ? ಸರಿ ಮಾಡಿ ಕೊಡಾಣ. ನಾಳೆ ಬರೋ ಡ್ರೈವರು ಬೈಸ್ಕೋಬಾರ್ದು."

ಹಳೆ ಸೈಕಲ್ ಟ್ಯೂಬನ್ನು ದೀಪದ ಅಳತೆಗೆ ಬಳೆಯಂತೆ ಕತ್ತರಿಸಿದ. ತಗಡಿನ ತುಕ್ಕು ಉಜ್ಜಿ, ಒರೆಸಿ, ಟ್ಯೂಬು ಕೂಡಿಸಿ, ಎದುರುಬದುರು ಸ್ಕ್ರೂಗಳನ್ನು ಸ್ವಲ್ಪಸ್ವಲ್ಪವೇ ಬಿಗಿದ. ಎರಡನೆಯ ದೀಪಕ್ಕೂ ಹಾಗೇ ಮಾಡಿದ. ನನ್ನನ್ನು ಡಿಕ್ಕಿಯೊಳಗೆ ಕೂರಿಸಿ ಮುಚ್ಚಿದ. ಹೊರಗಿನಿಂದ ಕೊಡದಲ್ಲಿ ನೀರು ಸುರಿದ.

"ಬಂತೇನ್ಲಾ?"

"ಇಲ್ಲಣ್ಣಾ."

"ಸರಿಯಾಗಿ ಮುಟ್ಟಿ ನೋಡ್ಲಾ. ಇನ್ನೊಂದ್ ಕೊಡ ಉಯ್ತೀನಿ."

ಕತ್ತಲಲ್ಲಿ ಎರಡೂ ದೀಪಗಳ ಸುತ್ತ ಬೆರಳಾಡಿಸಿದೆ. ಬರೀ ತಗಡು, ಒಣಗಿತ್ತು. ಒಂದು ಹನಿಯಾದರೂ ಬಂದರೆ ಅವನು ಇನ್ನಷ್ಟು ಹೊತ್ತು ಕಾರಿನ ಹತ್ತಿರ ಇರುತ್ತಾನಲ್ಲಾ ಅನ್ನಿಸಿತು.

"ಬಂತೇನ್ಲಾ?"

"ಇಲ್ಲ."

ಅವನು ಮುಚ್ಚಳ ತೆಗೆದ. ಹೆಗಲ ಟವೆಲಿನಿಂದ ದೀಪಗಳನ್ನು ಒರೆಸಿ, ಕೀ ಕೊಟ್ಟು ಬರಲು ಹೊರಟ.