ಉತ್ತರ ಧ್ರುವದ ಸಂಕಷ್ಟಿ

ಗೋಪಿನಾಥರಾಯರು ಆಡಿಟ್ ನೌಕರಿಯಲ್ಲಿ ಇದ್ದಷ್ಟು ಕಾಲ ಸರಕಾರಿ ಕಚೇರಿಗಳ ಕುರ್ಚಿ ಎಣಿಸಿದವರು. ಕಾಗದದಲ್ಲಿ ನಲವತ್ತು ಕುರ್ಚಿ ಇದೆ ಎಂದರೆ ಅವರು ಒಪ್ಪುತ್ತಿರಲಿಲ್ಲ. ಒಂದೊಂದನ್ನೂ ಕೈಯಿಂದ ಮುಟ್ಟಿ, ಅನುಮಾನ ಬಂದರೆ ಕೂತು ನೋಡಿ, ಆಮೇಲೆ ‘ಇದೆ’ ಎನ್ನುತ್ತಿದ್ದರು. ಯಾವುದೋ ಜಿಲ್ಲಾ ಕಚೇರಿಯಲ್ಲಿ ಸಾಹೇಬರೇ ಕುರ್ಚಿಯ ಮೇಲೆ ಕೂತಿದ್ದರಂತೆ. ಅವರು ಚಹಾಕ್ಕೆ ಏಳುವ ತನಕ ರಾಯರು ಆ ಕುರ್ಚಿಯನ್ನು ಲೆಕ್ಕಕ್ಕೆ ಹಿಡಿಯದೆ ಎದುರಿಗೇ ನಿಂತಿದ್ದರಂತೆ.

ಇಂಥ ಮನುಷ್ಯ ಸಂಕಷ್ಟಿ ಚತುರ್ಥಿಯ ವ್ರತ ಹಿಡಿದರೆ ಏನಾಗಬೇಕೋ ಅದೇ ಆಗಿತ್ತು. ತಿಂಗಳಿಗೊಮ್ಮೆ ಬರುವ ಈ ಉಪವಾಸವನ್ನು ಮಂದಿ ಹಗಲೆಲ್ಲ ಹಸಿದಿದ್ದು, ರಾತ್ರಿ ಚಂದ್ರನನ್ನು ನೋಡಿ, ಅರ್ಘ್ಯ ಬಿಟ್ಟು, ಊಟ ಮಾಡಿ ಮುಗಿಸುತ್ತಾರೆ. ಮೋಡ ಕವಿದಿದ್ದರೆ ಪಂಚಾಂಗದಲ್ಲಿ ಚಂದ್ರೋದಯದ ವೇಳೆ ನೋಡಿಕೊಂಡು ತಟ್ಟೆ ಹಾಕುತ್ತಾರೆ. ರಾಯರಿಗೆ ಅದು ಆಗದು.

“ಪಂಚಾಂಗದಾಗ ಇರೂದು ಅಂವಾ ಬರಬೇಕಾದ ಟೈಮು. ಬಂದನೋ ಇಲ್ಲೋ, ಯಾರು ನೋಡ್ಯಾರ?” ಎಂಬುದು ಅವರ ವಾದ.

ಉಳಿದ ದಿನಗಳಲ್ಲಿ ಎರಡು ಹೊತ್ತು ಗಡದ್ದಾಗಿ ಊಟ, ನಡುವೆ ಮಿರ್ಚಿ ಭಜಿ, ಸಂಜೆ ಚಹಾದ ಜೊತೆ ಉಸ್ಮಾನಿಯಾ ಬಿಸ್ಕೀಟು ಎಂದು ಬಾಯಿಗೆ ರಜೆಯನ್ನೇ ಕೊಡದ ದೇಹ ಅದು. ಆದ್ದರಿಂದ ಈ ಉಪವಾಸವೊಂದೇ ಅವರ ತಪಸ್ಸು, ಅವರ ಪದವಿ, ಅವರ ಪದಕ. ಚಂದ್ರ ಕಾಣದೆ ಒಂದು ತುತ್ತೂ ಎತ್ತಿದವನಲ್ಲ ಎಂದು ಮದುವೆ ಮುಂಜಿಗಳಲ್ಲಿ ಹೇಳಿಕೊಳ್ಳುತ್ತಿದ್ದರು. ಅದನ್ನು ಕೇಳಿ ಕೇಳಿ ಬಂಧುಗಳು ಪಂಕ್ತಿಯಲ್ಲಿ ಅವರಿಂದ ಎರಡು ಎಲೆ ದೂರ ಕೂಡುತ್ತಿದ್ದರು.

ನಿಜವಾಗಿ ಚಂದ್ರನನ್ನು ಕಾಣುತ್ತಿದ್ದವರು ಅವರಲ್ಲ, ಅವರ ಹೆಂಡತಿ ಕುಮುದಾಬಾಯಿ. ಹೈದರಾಬಾದಿನ ಮೆಹದಿಪಟ್ಟಣಂನ ಅವರ ಮನೆಯ ಮೂಡಣಕ್ಕೆ ದೊಡ್ಡದೊಂದು ಫಂಕ್ಷನ್ ಹಾಲ್ ಎದ್ದ ಮೇಲೆ ಮಾಳಿಗೆಯ ಮೇಲಿನ ಗಚ್ಚಿಯಿಂದಲೂ ಆ ಕಡೆಯ ಆಕಾಶ ಕಾಣುತ್ತಿರಲಿಲ್ಲ. ನೀರಿನ ಟ್ಯಾಂಕಿನ ಮೇಲೆ ಹತ್ತಿದರೆ ಮಾತ್ರ ಕಾಣುವುದು. ಟ್ಯಾಂಕಿನ ಕಬ್ಬಿಣದ ಏಣಿ ರಾಯರನ್ನು ಹೊರುವಂಥದ್ದಲ್ಲ. ಹೀಗಾಗಿ ಹೆಂಡತಿಯ ಕಣ್ಣನ್ನೇ ತಮ್ಮ ಕಣ್ಣೆಂದು ಒಪ್ಪಿಕೊಂಡಿದ್ದರು. ಬದುಕಿನಲ್ಲಿ ಅವರು ಯಾರಿಗಾದರೂ ಕೊಟ್ಟ ರಿಯಾಯಿತಿ ಎಂದರೆ ಅದೊಂದೇ. ಕುಮುದಾಬಾಯಿ ಸೀರೆಯ ನೆರಿಗೆ ಸೊಂಟಕ್ಕೆ ಸಿಕ್ಕಿಸಿ ಏಣಿ ಹತ್ತಿ, ಒಂದು ಗಳಿಗೆ ನಿಂತು, “ಕಂಡನ್ರೀ! ಏಳ್ರಿ ಊಟಕ್ಕ!” ಎಂದು ಕೂಗುವರು. ಕೆಳಮನೆಯ ಸುಹಾಸಿನಿಯಿಂದ ಹಿಡಿದು ಓಣಿಯ ಕನ್ನಡದ ಮನೆಗಳು, ಮರಾಠಿಯ ಒಂದೆರಡು ಮನೆಗಳು, ಎಲ್ಲವೂ ಆ ಕೂಗಿಗೆ ಕಾದಿದ್ದು ತಟ್ಟೆ ಹಾಕುತ್ತಿದ್ದವು. ಕುಮುದಾಬಾಯಿಗೆ ಚಂದ್ರ ಕಾಣದ ಸಂಕಷ್ಟಿಯೇ ಇರಲಿಲ್ಲ. ಇದರಿಂದ ರಾಯರಿಗೆ ಹೆಂಡತಿಯ ಬಗ್ಗೆ ಇದ್ದ ಹೆಮ್ಮೆ ಅಷ್ಟಿಷ್ಟಲ್ಲ.

ಅದು ಐಟಿ ಕಂಪನಿಗಳು ಊರ ಹೊರಗಿನ ಗಚ್ಚಿಬೌಲಿಗೆ ಲಗ್ಗೆಯಿಟ್ಟ ಕಾಲ. ರಾಯರು ಎಂದೋ ಯಾರದೋ ಮಾತು ಕೇಳಿ ಅಲ್ಲಿ ಒಂದು ತುಂಡು ಜಾಗ ಕೊಂಡಿದ್ದರು. ಜಾಗ ಎನ್ನುವುದು ಹೆಸರಿಗೆ, ಇದ್ದದ್ದೆಲ್ಲ ಬಂಡೆ. “ಬಂಡೀಕಲ್ಲು ಮುಟ್ಟಿ ನೋಡಿದ್ರಿ, ಗಟ್ಟಿ ಅದ ಅಂತ ತಗೊಂಡ್ರಿ” ಎಂದು ಕುಮುದಾಬಾಯಿ ವರ್ಷಗಟ್ಟಲೆ ಚುಚ್ಚಿದ್ದರು. ಈಗ ಆ ಬಂಡೆಗೂ ಯೋಗ ಬಂತು. ಸತೀಶ ಎಂಬ ಬಿಲ್ಡರು ಸುತ್ತಲಿನ ಜಾಗಗಳನ್ನೆಲ್ಲ ಕೂಡಿಸಿ ಅಲ್ಲಿ ‘ಆರ್ಕ್ಟಿಕ್ ಹೈಟ್ಸ್’ ಎಂಬ ಮುಗಿಲೆತ್ತರದ ಅಪಾರ್ಟ್‌ಮೆಂಟು ಕಟ್ಟಲು ಹೊರಟ. ಮೇ ತಿಂಗಳಲ್ಲಿ ಕಾಲಿಟ್ಟರೆ ಚಪ್ಪಲಿ ಕರಗುವ ಊರಿನಲ್ಲಿ ಉತ್ತರ ಧ್ರುವದ ಹೆಸರು ಯಾಕೆ ಎಂದು ಯಾರೂ ಕೇಳಲಿಲ್ಲ. ಗೇಟಿನ ಎರಡೂ ಬದಿಗೆ ಸಿಮೆಂಟಿನ ಪೆಂಗ್ವಿನ್ ನಿಂತವು. ಪೆಂಗ್ವಿನ್ ಇರುವುದು ಭೂಮಿಯ ಆ ತುದಿಗೆ, ಈ ತುದಿಗಲ್ಲ ಎಂದು ಸತೀಶನಿಗೆ ಹೇಳಲು ಹೋದ ರಾಯರನ್ನು ಕುಮುದಾಬಾಯಿ ಕೈ ಹಿಡಿದು ಎಳೆದುಕೊಂಡು ಬಂದರು. ಯಾಕೆಂದರೆ ಜಾಗ ಕೊಟ್ಟ ದಂಪತಿಗಳಿಗೆ ಸತೀಶ ಒಂದು ಉಡುಗೊರೆ ಸಾರಿದ್ದ: ಉತ್ತರ ಧ್ರುವದ ಸಮುದ್ರದಲ್ಲಿ ಹಡಗಿನ ಯಾತ್ರೆ. ಉಳಿದವರೆಲ್ಲ ಅದರ ಬದಲಿಗೆ ಎರಡು ಎ.ಸಿ. ತೆಗೆದುಕೊಂಡು ಜಾಣರಾದರು. ಕುಮುದಾಬಾಯಿ ಮಾತ್ರ ಹಟ ಹಿಡಿದರು.

“ನೀವು ಜನ್ಮದಾಗ ನನ್ನ ತಿರುಪತಿ ಬಿಟ್ಟು ಮುಂದ ಕರಕೊಂಡು ಹೋಗಿಲ್ಲ. ಆ ಹುಡುಗ ಕಳಸ್ತೀನಿ ಅಂತಾನ. ನಾ ಹೊಂಟೆ. ಬರೂದಿದ್ರ ಬರ್ರಿ.”

ರಾಯರು ಬಂದರು.

ಹಡಗು ಚಿಕ್ಕದು, ಅದರಲ್ಲಿದ್ದವರೆಲ್ಲ ಬಿಳಿಯ ಮುದುಕ ಮುದುಕಿಯರು, ಹೊರಗೆ ಕಣ್ಣು ಹಾಯಿಸಿದಲ್ಲೆಲ್ಲ ನೀರು, ಬರ್ಫ, ಮತ್ತೆ ಬರ್ಫ. ಹಡಗಿನವರು ಕೊಟ್ಟ ಕೆಂಪು ಕೋಟನ್ನು ಸೀರೆಯ ಮೇಲೆ ತೊಟ್ಟು, ಮೊಣಕಾಲುದ್ದದ ರಬ್ಬರ್ ಬೂಟು ಹಾಕಿ, ಮಂಕಿ ಟೋಪಿಯ ಮೇಲೆ ಸೆರಗು ಹೊದ್ದ ಕುಮುದಾಬಾಯಿ ಎರಡೇ ದಿನದಲ್ಲಿ ಎಲ್ಲರ ನೆಚ್ಚಿನವರಾದರು. ಅಡಿಗೆಯವನಿಗೆ ಆಲೂಗಡ್ಡೆಗೆ ಒಗ್ಗರಣೆ ಹಾಕುವುದನ್ನು ಕಲಿಸಿದರು. ರಾಯರಿಗೆ ಮಾತ್ರ ಅಸಮಾಧಾನ. ಕಂಪನಿಯವರು ವಾಲ್ರಸ್ ಎಂಬ ಕೋರೆಯ ಕಡಲಪ್ರಾಣಿ ತೋರಿಸುತ್ತೇವೆ ಎಂದಿದ್ದರು, ತೋರಿಸಿದರು, ಆದರೆ ದೂರದಿಂದ. ಮುಟ್ಟಲು ಬಿಡದ ಮೇಲೆ ಅದು ವಾಲ್ರಸ್ಸೋ ಕಲ್ಲೋ ಯಾರು ಬಲ್ಲರು?

ಸಂಕಷ್ಟಿಯ ದಿನ ಬಂತು. ಬೆಳಗಿನಿಂದ ರಾಯರು ಏನೂ ಮುಟ್ಟಲಿಲ್ಲ. ಆ ಹಡಗಿನಲ್ಲೋ ತಿನ್ನುವುದನ್ನು ಬಿಟ್ಟರೆ ಬೇರೆ ಉದ್ಯೋಗವಿಲ್ಲ. ತಾಸಿಗೊಮ್ಮೆ ಗಂಟೆ, ಗಂಟೆಗೊಂದು ಕೇಕು. ರಾಯರು ಮೂಗಿಗೆ ಮಫ್ಲರ್ ಕಟ್ಟಿಕೊಂಡು ಡೆಕ್ಕಿನ ಮೇಲೆ ಕೂತು, ಮೂಡಣ ಯಾವುದೆಂದು ತಿಳಿಯದೆ ಎಲ್ಲ ದಿಕ್ಕಿಗೂ ಸಮನಾಗಿ ನೋಡಿದರು. ಸೂರ್ಯ ಮುಳುಗುವ ಲಕ್ಷಣವೇ ಇಲ್ಲ. ಕಡೆಗೆ ಯಾತ್ರೆಯ ಗೈಡ್ ಹುಡುಗಿಯನ್ನು ತಡೆದು, ಚಂದ್ರ ಯಾವ ಕಡೆಯಿಂದ ಬರುತ್ತಾನೆ ಎಂದು ಇಂಗ್ಲಿಷಿನಲ್ಲಿ ಕೇಳಿದರು.

ಆಕೆ ಒಂದು ಕಿತ್ತಳೆ ಹಣ್ಣು ತಂದು ಅದನ್ನು ಭೂಮಿ ಮಾಡಿ, ಬೆರಳನ್ನು ಚಂದ್ರ ಮಾಡಿ ತಿರುಗಿಸಿ ತೋರಿಸಿದಳು. ಇಲ್ಲಿ ಬೇಸಿಗೆಯಲ್ಲಿ ಸೂರ್ಯ ಮುಳುಗುವುದೇ ಇಲ್ಲ, ಹಾಗೆಯೇ ತಿಂಗಳಲ್ಲಿ ಕೆಲವು ದಿನ ಚಂದ್ರ ಏಳುವುದೇ ಇಲ್ಲ, ಈಗ ಅಂಥ ದಿನಗಳು. ಇನ್ನೆರಡು ಮೂರು ದಿನ ಕಾದರೆ ಬರುತ್ತಾನೆ ಎಂದಳು. ಇಷ್ಟು ಹೇಳಿ ಭೂಮಿಯನ್ನು ಸುಲಿದು ತಿಂದಳು.

ರಾಯರ ಹೊಟ್ಟೆ ಎಲ್ಲರಿಗೂ ಕೇಳುವಂತೆ ಗುಡುಗಿತು. ಎರಡು ಮೂರು ದಿನ! ಉಂಡರೆ ವ್ರತ ಹೋಯಿತು, ಉಣ್ಣದಿದ್ದರೆ ಪ್ರಾಣ ಹೋಯಿತು.

ಸುದ್ದಿ ಹಡಗಿನ ತುಂಬ ಹಬ್ಬಿತು. ಚಂದ್ರನನ್ನು ಕಾಣದೆ ಈ ದಪ್ಪನೆಯ ಯಜಮಾನರು ಉಣ್ಣುವುದಿಲ್ಲವಂತೆ ಎಂದು ಮುದುಕಿಯರು ಮರುಗಿದರು. ಗೈಡ್ ಎಷ್ಟು ಹೇಳಿದರೂ ಕೇಳದೆ ಎಲ್ಲರೂ ದುರ್ಬೀನು ಹಿಡಿದು ಸಾಲಾಗಿ ನಿಂತು ಆಕಾಶದಂಚು ಹುಡುಕತೊಡಗಿದರು. ಅಷ್ಟರಲ್ಲಿ ಒಬ್ಬಾತ “ಅಗೋ!” ಎಂದು ಕೂಗಿದ. ರಾಯರು ಎದ್ದು ಬಿದ್ದು ಓಡಿದರು. ನೋಡಿದರೆ ಬರ್ಫದ ಮೇಲೆ ಬಿಳಿ ಕರಡಿ. ಹಡಗೆಲ್ಲ ಕುಣಿದಾಡಿತು, ಕ್ಯಾಮೆರಾಗಳು ಕಟಕಟ ಎಂದವು. ಅದಕ್ಕಾಗಿಯೇ ಜನ ಭೂಮಿಯ ತುದಿಗೆ ಬಂದಿದ್ದರು.

“ಕರಡಿ ತಗೊಂಡು ನಾ ಏನ್ ಮಾಡ್ಲಿ?” ಎಂದು ರಾಯರು ಹಿಂದಿರುಗಿ ಬಂದು ಕೂತರು.

ಕುಮುದಾಬಾಯಿ ಪಕ್ಕಕ್ಕೆ ಬಂದು ಕೂತರು. “ಒಂದ್ ಮಾತು ಹೇಳ್ಲೇನ್ರಿ? ನೀವು ವ್ರತ ಹಿಡದದ್ದು ಹೈದರಾಬಾದಿನ್ಯಾಗ. ಹಂಗಾರ ಹೈದರಾಬಾದಿನ ಚಂದ್ರ ನಡೀತಾನ. ಸುಹಾಸಿನಿಗೆ ಫೋನ್ ಹಚ್ಚೋಣು. ಇಷ್ಟೊತ್ತಿಗೆ ಅಲ್ಲೆ ಅಂವಾ ಮ್ಯಾಲೆ ಬಂದಿರ್ತಾನ.”

ರಾಯರು ಯೋಚಿಸಿದರು. ವಾದದಲ್ಲಿ ಹುಳುಕು ಕಾಣಲಿಲ್ಲ. “ಆದ್ರ ಕಣ್ಣಿಲೆ ಕಂಡಿರಬೇಕು. ಅಂದಾಜು ಹೇಳಿದ್ರ ನಡ್ಯಾಂಗಿಲ್ಲ” ಎಂದರು.

ಕಪ್ತಾನ ದೊಡ್ಡ ಮನಸ್ಸಿನವನು, ಉಪಗ್ರಹದ ಫೋನ್ ಕೊಟ್ಟ. ಗೈಡ್ ಹುಡುಗಿ ಅರ್ಘ್ಯಕ್ಕೆಂದು ಒಂದು ಬಕೆಟ್ಟನ್ನೂ ತಂದಿಟ್ಟಳು, ಆ ಸಮುದ್ರಕ್ಕೆ ಒಂದು ಹನಿ ಹಾಲೂ ಬೀಳಬಾರದೆಂಬ ಕಾನೂನು. ಮೆಹದಿಪಟ್ಟಣಂನಲ್ಲಿ ಫೋನು ಎತ್ತಿದ್ದೇ ತಡ, ಸುಹಾಸಿನಿಯ ದನಿ ಎಲ್ಲರಿಗೂ ಕೇಳುವಷ್ಟು ಜೋರಾಗಿ ಬಂತು.

“ಅಯ್ಯ, ರಾಯರ! ದೇವರು ಬಂದ್ಹಂಗ ಬಂದ್ರಿ ನೋಡ್ರಿ! ಇಲ್ಲೆ ಮೋಡ ಕವದು ಕೂತದ. ಎಲ್ಲಾರೂ ಗಚ್ಚಿ ಮ್ಯಾಲೆ ಇದ್ದೀವಿ, ಒಬ್ಬರಿಗೂ ಚಂದ್ರ ಕಾಣವಲ್ಲ. ನಮ್ಮ ಅತ್ತಿಯವರಿಗೆ ಶುಗರ್ ಅದ, ಕುಮುದಾ ವೈನಿ ಹೇಳೋ ತನಕಾ ಉಣ್ಣಾಂಗಿಲ್ಲ ಅಂತ ಹಟಾ ಹಿಡದಾರ. ವೈನಿ ಹೆಂಗ ನೋಡ್ತಿದ್ರು, ಸ್ವಲ್ಪ ಕೇಳಿ ಹೇಳ್ರಿ.”

ರಾಯರ ಎದೆ ಹಿಗ್ಗಿತು. “ನೋಡ್ಲಿಕ್ಕೆ ಕಣ್ಣು ಬೇಕ್ರಿ. ಮೋಡದಾಗ ಸಂದು ಹುಡುಕಿ ನೋಡ್ತಾಳ ಆಕಿ.”

“ಹೌದ್ರಿ, ಹೋದ್ ವರ್ಷ ಆ ಜಡಿಮಳಿಯೊಳಗೂ ನೋಡಿದ್ರು! ಎದುರಿನ ಮನಿ ದೀಪಾನೂ ಕಾಣ್ತಿರಲಿಲ್ಲ, ವೈನಿ ಛತ್ರಿ ಹಿಡಕೊಂಡು ಮ್ಯಾಲೆ ಹೋಗಿ, ಕಂಡಾ ಅಂತ ಬಂದ್ರು.”

ರಾಯರು ಆ ಮಾತನ್ನು ಹಳೆಯ ರೂಢಿಯಂತೆ ಒಂದೊಂದಾಗಿ ಎಣಿಸತೊಡಗಿದರು. ಛತ್ರಿ. ತಲೆಯ ಮೇಲೆ ಛತ್ರಿ. ಆ ಛತ್ರಿಯ ಮೇಲೆ ಮಳೆ, ಮಳೆಯ ಮೇಲೆ ಮೋಡ, ಮೋಡದ ಆಚೆ ಚಂದ್ರ. ಇಡೀ ನೌಕರಿಯಲ್ಲಿ ಇಷ್ಟು ದೊಡ್ಡ ಕುರ್ಚಿ ಅವರ ಕಣ್ಣು ತಪ್ಪಿಸಿರಲಿಲ್ಲ. ಫೋನನ್ನು ಅಂಗೈಯಿಂದ ಮುಚ್ಚಿ ಹೆಂಡತಿಯ ಕಡೆ ತಿರುಗಿದರು.

“ಕುಮುದಾ. ಖರೇ ಹೇಳು. ಕಂಡಿದ್ದನೇನು?”

ಕುಮುದಾಬಾಯಿ ಬೂಟಿನ ತುದಿ ನೋಡಿದರು. “ಬ್ಯಾಸಗ್ಯಾಗ ಕಾಣ್ತಿದ್ದ.”

“ಮಳಿಗಾಲದಾಗ?”

“ಮಳಿಗಾಲದಾಗ ಎಲ್ಲೆ ಕಾಣ್ತಾನ್ರಿ?” ಎಂದರು ಕುಮುದಾಬಾಯಿ, ಒಮ್ಮೆ ಬಾಯಿ ಬಿಟ್ಟ ಮೇಲೆ ಮಾತು ತಡೆಯಲಾಗಲಿಲ್ಲ. “ಮ್ಯಾಲೆ ಹತ್ತಿ ನಿಲ್ತಿದ್ದೆ. ಕೆಳಗ ನೋಡಿದ್ರ ನೀವು ಗಚ್ಚಿ ಬಾಗಲದಾಗ ಮಾರಿ ಸಣ್ಣದು ಮಾಡಿ, ತಟ್ಟಿ ಮುಂದ ಇಟ್ಕೊಂಡು ಕೂತಿರ್ತಿದ್ರಿ. ಅಂವಾ ಬರಾಂಗಿಲ್ಲ, ನೀವು ಉಣ್ಣಾಂಗಿಲ್ಲ. ನಿಮ್ಮ ಮಾರಿ ನೋಡಿ ‘ಕಂಡ’ ಅಂತಿದ್ದೆ. ನನಗಽ ನೋಡ್ಲಿಕ್ಕೆ ಆಗಲಿಲ್ಲ ಅಂದ್ರ ಗಣಪತಿಗೆ ಆಗ್ತದೇನು?”

ರಾಯರಿಗೆ ಕಾಲ ಕೆಳಗಿನ ಹಡಗೇ ಜಾರಿದಂತಾಯಿತು. ಮುಂಜಿಗಳಲ್ಲಿ ಹೇಳಿಕೊಂಡದ್ದೆಲ್ಲ ನೆನಪಾಯಿತು. ಅರ್ಧ ತಪಸ್ಸು ಹೋಗಿತ್ತು, ಅದೂ ಹೆಂಡತಿಯ ಕೈಯಿಂದ. ಸಿಟ್ಟು ನೆತ್ತಿಗೇರಿತು, ಬೈಯಲು ಮಾತೂ ಸಿದ್ಧವಾಯಿತು. ಆದರೆ ಹೊಟ್ಟೆಯಲ್ಲಿ ಏನೂ ಇಲ್ಲದ್ದರಿಂದ ದನಿ ಹೊರಡಲಿಲ್ಲ.

“ರಾಯರ! ವೈನಿ ಕೈಯಾಗ ಕೊಡ್ರಿ ಫೋನು,” ಎಂದು ಸುಹಾಸಿನಿ ಅತ್ತ ಕೂಗುತ್ತಿದ್ದಳು. “ವೈನಿ, ನಿಮಗ ಅಲ್ಲಿಂದಾದ್ರೂ ಕಂಡಾನೇನು? ನೀವು ಕಂಡಾ ಅಂದ್ರ ಸಾಕು, ನಾವು ಉಣ್ತೀವಿ.”

ಕುಮುದಾಬಾಯಿ ಫೋನು ತೆಗೆದುಕೊಂಡರು. ಎಂದಿನಂತೆ ಆ ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಎದುರಿಗೆ ಗಂಡ ನಿಂತಿದ್ದರು, ಎಲ್ಲ ತಿಳಿದ ಗಂಡ.

“ಇಲ್ಲವಾ, ಸುಹಾಸಿನಿ,” ಎಂದರು ಸಣ್ಣ ದನಿಯಲ್ಲಿ. “ನನಗ ಕಾಣವಲ್ಲ.”

ಕುಮುದಾಬಾಯಿಗೆ ಚಂದ್ರ ಕಾಣಲಿಲ್ಲ ಎಂಬುದನ್ನು ಆ ಗಚ್ಚಿ ಎಂದೂ ಕೇಳಿರಲಿಲ್ಲ. ಯಾರೋ ಮುದುಕಿ “ಹಂಗಾರ ಇವತ್ತ ಊಟಿಲ್ಲ ಬಿಡು” ಎಂದದ್ದು ಕೇಳಿಸಿತು.

ರಾಯರು ಹೆಂಡತಿಯ ಮುಖ ನೋಡಿದರು. ಮಂಕಿ ಟೋಪಿಯೊಳಗೆ ಆ ಮುಖ ಇಷ್ಟೇ ಇಷ್ಟಾಗಿತ್ತು. ಮಳೆಯಲ್ಲಿ, ಕತ್ತಲಲ್ಲಿ, ಆ ಜಾರುವ ಏಣಿಯ ಮೇಲೆ ಇದೇ ಮುಖ ತಮ್ಮ ತಟ್ಟೆಯ ಕಡೆ ನೋಡುತ್ತ ನಿಂತಿದ್ದನ್ನು ಅವರು ಒಮ್ಮೆಯೂ ತಲೆಯೆತ್ತಿ ನೋಡಿರಲಿಲ್ಲ. ಏನನ್ನೂ ಮುಟ್ಟದೆ ಒಪ್ಪದ ಮನುಷ್ಯನಿಗೆ ಅಷ್ಟು ಹತ್ತಿರದ್ದೇ ತಪ್ಪಿಹೋಗಿತ್ತು. ನಾಚಿಕೆಯೂ ಆಯಿತು, ಅಳುವೂ ಬಂತು. ಅವರು ಫೋನು ಕಸಿದುಕೊಂಡರು.

“ಏ ಸುಹಾಸಿನಿಬಾಯಿ! ನಾ ಗೋಪಿನಾಥ ಮಾತಾಡ್ಲಿಕತ್ತೀನಿ. ಆಕಿ ಆ ಕಡೆ ಮಾರಿ ಮಾಡಿ ನಿಂತಾಳ, ಅದಕ್ಕ ಕಂಡಿಲ್ಲ. ನನಗ ಕಂಡಾನ. ಖುದ್ದ ನಾ ಕಣ್ಣಿಲೆ ಕಂಡೀನಿ. ನಿಮ್ಮ ಅತ್ತಿಯವರಿಗೆ ಮದಲ ಬಡಸ್ರಿ, ಎಲ್ಲಾರೂ ಉಣ್ರಿ.”

ಅತ್ತ ಕಡೆ ತಟ್ಟೆಗಳ ಸದ್ದೆದ್ದಿತು. ಇತ್ತ ಗೈಡ್ ಹುಡುಗಿಗೆ ಭಾಷೆ ತಿಳಿಯದಿದ್ದರೂ ರಾಯರ ಕೈ ಆಕಾಶಕ್ಕೆ ಎದ್ದದ್ದು ಕಂಡು ಆಕೆಯೂ ಗಾಬರಿಯಿಂದ ಆ ಕಡೆ ನೋಡಿದಳು. ಅಲ್ಲಿ ಸೂರ್ಯನಿದ್ದ, ಬೇರೆ ಏನೂ ಇರಲಿಲ್ಲ. ರಾಯರು ಗಂಭೀರವಾಗಿ ಬಕೆಟ್ಟಿಗೆ ಮೂರು ಸಲ ಅರ್ಘ್ಯ ಬಿಟ್ಟು ಕೈಮುಗಿದರು.

ಕುಮುದಾಬಾಯಿ ಬಾಯಿ ತೆರೆದು ಗಂಡನನ್ನೇ ನೋಡುತ್ತಿದ್ದರು. “ಎಲ್ಲೆ ಕಂಡ್ರಿ?” ಎಂದರು.

“ನೀ ಮಳಿಗಾಲದಾಗ ಎಲ್ಲೆ ನೋಡ್ತಿದ್ದೆಲ್ಲಾ, ಅಲ್ಲೇ,” ಎಂದರು ರಾಯರು. “ನಡಿ, ಆಲೂಗಡ್ಡಿ ಆರಿಹೋಗ್ತಾವ.”