ಹುಲಿಗೆಮ್ಮನ ಜೂನ್ ಒಂದು

೨೦೧೬ರಲ್ಲಿ ನಾನು ಕೂಡ್ಲಿಗಿ ಭಾಗದ ಇಲಾಖಾ ಕಚೇರಿಯೊಂದರಲ್ಲಿ ಅಧೀಕ್ಷಕನಾಗಿದ್ದೆ. ಸರ್ಕಾರಿ ಹಾಸ್ಟೆಲುಗಳ ಸಿಬ್ಬಂದಿಯ ಸೇವಾ ಪುಸ್ತಕಗಳು ನನ್ನ ಸುಪರ್ದಿಯಲ್ಲಿದ್ದವು. ನೌಕರ ಹುಟ್ಟಿದ ತಾರೀಖಿನಿಂದ ಹಿಡಿದು ಎಲ್ಲವೂ ಆ ಪುಸ್ತಕದಲ್ಲಿರುತ್ತದೆ. ಅದರಲ್ಲಿ ಇಲ್ಲದ್ದು ಸರ್ಕಾರದ ಮಟ್ಟಿಗೆ ನಡೆದೇ ಇಲ್ಲ.

ಆ ಜುಲೈನಲ್ಲಿ ಗುಡೇಕೋಟೆ ಕಡೆಯ ಹಾಸ್ಟೆಲಿನ ಅಡುಗೆಯಾಕೆ ಹುಲಿಗೆಮ್ಮ ಗೋಡೆ ಹಿಡಿದುಕೊಂಡು ಒಳಗೆ ಬಂದಳು. ಎರಡೂ ಮಂಡಿ ಬಾತಿದ್ದವು. ಮೂವತ್ತು ವರ್ಷ ಬೆಳಗಿನ ನಾಲ್ಕಕ್ಕೆ ಎದ್ದು ಒಲೆ ಹಚ್ಚಿ, ನೂರು ಮಕ್ಕಳಿಗೆ ಮುದ್ದೆ ತಿರುವಿದ ಹೆಂಗಸು.

“ಸಾಹೇಬ್ರ, ನನಗ ಅರವತ್ತು ತುಂಬೇತ್ರಿ. ರಿಟೈರ್ ಯಾವಾಗ ಮಾಡ್ತೀರಿ?”

“ರಿಟೈರ್ ಆಗಿ ಏನ್ ಮಾಡ್ತೀಯವ್ವ?” ಎಂದು ನಕ್ಕೆ.

“ಏನೂ ಮಾಡಂಗಿಲ್ಲ. ಮೈಮ್ಯಾಲೆ ಬಿಸಿಲು ಬೀಳೋತನಕ ಮಕ್ಕಂತೀನಿ.”

ಪುಸ್ತಕ ತೆರೆದೆ. ಹುಟ್ಟಿದ ದಿನಾಂಕ: ೧-೬-೧೯೬೪. ಅಂದರೆ ನಿವೃತ್ತಿ ೨೦೨೪ರ ಮೇ ೩೧ಕ್ಕೆ. ಅಕ್ಷರ ನನ್ನದೇ. ನನ್ನ ನಗು ಅಲ್ಲೇ ನಿಂತಿತು.

೨೦೦೫ರಲ್ಲಿ ದಿನಗೂಲಿಯಿಂದ ಆಕೆ ಖಾಯಂ ಆದಾಗ ಗುಮಾಸ್ತನಾಗಿ ಆ ಪುಸ್ತಕ ಬರೆದವನು ನಾನು. ಹುಟ್ಟಿದ ದಿನ ಗೊತ್ತಿಲ್ಲದವರಿಗೆಲ್ಲ ಜೂನ್ ಒಂದು ಎಂದು ಬರೆಯುವುದು ನಮ್ಮ ಕಡೆಯ ರೂಢಿ. ಶಾಲೆಗೆ ಸೇರಿಸಿದ ಮೇಷ್ಟ್ರು ನನಗೂ ಅದನ್ನೇ ಬರೆದಿದ್ದರು. ಆಕೆ “ಐವತ್ತರ ಆಸುಪಾಸು” ಅಂದಿದ್ದಳು. ಪಾಪ, ಹೆಚ್ಚು ದಿನ ನೌಕರಿ ಇರಲಿ ಎಂದು ನಾನು ನಲವತ್ತೊಂದು ಮಾಡಿದೆ. ವಯಸ್ಸು ಅಂದಾಜಿಸುವ ವೈದ್ಯರು ನಾನು ಹೇಳಿದಷ್ಟಕ್ಕೆ ಸಹಿ ಹಾಕಿದರು. ಎಂಟೊಂಬತ್ತು ವರ್ಷ ದಾನ ಮಾಡಿದ ಧಿಮಾಕಿನಲ್ಲಿ ಅಂದು ಮನೆಗೆ ಹೋಗಿದ್ದೆ.

ಜನ್ಮ ದಿನಾಂಕ ತಿದ್ದಲು ಸೇವೆಗೆ ಸೇರಿದ ಮೂರು ವರ್ಷದೊಳಗೆ ಅರ್ಜಿ ಕೊಡಬೇಕು. ಅದು ಎಂದೋ ಮುಗಿದಿತ್ತು. ಸ್ವಯಂ ನಿವೃತ್ತಿಗೆ ಬೇಕಾದಷ್ಟು ಖಾಯಂ ಸೇವೆ ಆಗಿರಲಿಲ್ಲ. ಅಡುಗೆಮನೆಯಲ್ಲಿ ಕಳೆದ ದಿನಗೂಲಿಯ ವರ್ಷಗಳು ಲೆಕ್ಕಕ್ಕಿಲ್ಲ. ರಾಜೀನಾಮೆ ಕೊಟ್ಟರೆ ಬರಿಗೈ. ಉಳಿದದ್ದು ವೈದ್ಯಕೀಯ ಮಂಡಳಿ ಮಾತ್ರ. ದುಡಿಯಲಾರಳು ಎಂದು ಅವರು ಬರೆದುಕೊಟ್ಟರೆ ಬಿಡುಗಡೆ.

ನಾನೇ ಜೊತೆಗೆ ಹೋದೆ. ವೈದ್ಯರು ಮೊದಲು ಕಾಗದ ನೋಡಿದರು, ಆಮೇಲೆ ಮಂಡಿ.

“ಐವತ್ತೆರಡಕ್ಕೆ ಇಷ್ಟು ಸವೆತ ಇದ್ದದ್ದೇ. ಹಗುರ ಕೆಲಸ ಕೊಡಿ,” ಎಂದರು.

ಹಾಸ್ಟೆಲಿನ ಅಡುಗೆಮನೆಯಲ್ಲಿ ಹಗುರ ಕೆಲಸ ಎಲ್ಲಿದೆಯೋ ನನಗಂತೂ ತಿಳಿಯದು. ಹೊರಗೆ ಕಟ್ಟೆಯ ಮೇಲೆ ಕುಳಿತಾಗ ತಡೆಯಲಾಗಲಿಲ್ಲ. “ಆ ತಾರೀಖು ಬರೆದವನು ನಾನೇ, ಹುಲಿಗೆಮ್ಮ,” ಎಂದೆ.

“ಗೊತ್ತೈತ್ರಿ. ಅವತ್ತು ನಿಮಗ ಕೈ ಮುಗಿದಿದ್ದೆ ಅಲ್ರಿ,” ಎಂದಳು. ಬೈದಿದ್ದರೆ ಒಳ್ಳೆಯದಿತ್ತು.

ಮರುವರ್ಷ ಮೇ ೩೧ಕ್ಕೆ ನನ್ನ ನಿವೃತ್ತಿ. ಬೀಳ್ಕೊಡುಗೆ ಊಟಕ್ಕೆ ಅಡುಗೆಯವರನ್ನು ಹಾಸ್ಟೆಲುಗಳಿಂದ ಕರೆಸುವುದು ನಮ್ಮ ಕಚೇರಿಯ ವಾಡಿಕೆ. ಆ ಬಾರಿ ಬಂದವಳು ಹುಲಿಗೆಮ್ಮ. ಗೋಧಿ ಹುಗ್ಗಿ ಮಾಡಿದ್ದಳು. ಕೊರಳಲ್ಲಿ ಹಾರ ಹಾಕಿಕೊಂಡು ಕುಳಿತ ನನ್ನ ಎಲೆಗೆ ಬಗ್ಗಿ ಬಡಿಸುವಾಗ ಮಂಡಿ ಮಡಚಲಾರದೆ ಮೇಜು ಹಿಡಿದಳು.

“ನಮ್ಮ ತಮ್ಮನ ವಾರಗಿಯೋರು ನೀವು. ಇನ್ನರ ಹಾಯಾಗಿ ಮಕ್ಕೊಳ್ರಿ,” ಅಂದಳು.

ನನಗಿಂತ ದೊಡ್ಡವಳನ್ನು ಒಲೆಯ ಮುಂದೆ ಬಿಟ್ಟು ನಾನು ಮನೆಗೆ ಹೊರಟಿದ್ದೆ.

ಲೇಖನಿ ಹಿಡಿದವನು ಕರುಣೆ ತೋರುವ ಮುನ್ನ, ನಿನಗೆ ಏನು ಬೇಕು ಎಂದು ಒಮ್ಮೆ ಕೇಳಬೇಕು. ಮೂವತ್ತೈದು ವರ್ಷದ ನೌಕರಿ ನನಗೆ ಕಲಿಸಿದ್ದು ಇಷ್ಟೇ, ಅದೂ ಯಾರಿಗೂ ಉಪಯೋಗಕ್ಕೆ ಬಾರದ ಹೊತ್ತಿಗೆ.

ಮರುದಿನ ಜೂನ್ ಒಂದು, ಹಾಸ್ಟೆಲುಗಳು ತೆರೆಯುವ ದಿನ. ಹುಲಿಗೆಮ್ಮ ನಾಲ್ಕಕ್ಕೇ ಎದ್ದು ಒಲೆ ಹಚ್ಚಿರುತ್ತಾಳೆ. ನಾನು ಕಣ್ಣು ಬಿಟ್ಟಾಗ ಬಿಸಿಲು ಮೈಮೇಲೆ ಬಿದ್ದಿತ್ತು.