ನೀರು ಹಾಕಿದವಳು

ನನ್ನ ಮಗನಿಗೆ ಚರ್ಚಿನಲ್ಲಿ ಮಾಡಿಸಿದ ಜ್ಞಾನಸ್ನಾನದ ಮಾತೆತ್ತಿದರೆ ಈಗಲೂ ನನಗೆ ಪಿತ್ತ ನೆತ್ತಿಗೇರುತ್ತದೆ. ಯಾರಾದರೂ ಒಬ್ಬರ ಮೇಲೆ ಸಿಟ್ಟು ಮಾಡಿಕೊಂಡರೆ ಮುಗಿಯುತ್ತಿತ್ತು. ಅಲ್ಲಿದ್ದವರೆಲ್ಲ ಒಳ್ಳೆಯವರೇ ಆಗಿದ್ದು ನನ್ನ ಗ್ರಹಚಾರ.

ಆಗ ರಾಮನಗರದಲ್ಲಿ ನಮ್ಮದು ಬಾಡಿಗೆ ಮನೆ. ಅಕ್ಕಪಕ್ಕದವರೆಲ್ಲ ರೇಷ್ಮೆ ನೂಲು ತೆಗೆಯುವವರು, ಗೂಡು ಬೇಯುವ ವಾಸನೆ ಮನೆಯೊಳಗೇ ಇರುತ್ತಿತ್ತು. ಬಾಣಂತನಕ್ಕೆ ಅಕ್ಕ ಬಂದಳು. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದ್ದು ಅವಳೇ. ಕೋಡಿಹಳ್ಳಿ ಕಡೆಯ ಒಕ್ಕಲು ಮನೆಗೆ ಸೇರಿದ್ದವಳು, ಹಸು ಹೊಲ ಎಲ್ಲವನ್ನೂ ಭಾವನ ತಲೆಗೆ ಕಟ್ಟಿ ನನ್ನ ಮನೆಯಲ್ಲಿ ಬಂದು ಕೂತಳು. ದಿನಾ ಬೆಳಿಗ್ಗೆ ಬಚ್ಚಲಲ್ಲಿ ಕಾಲು ಚಾಚಿ, ಮಗುವನ್ನು ಕಾಲ ಮೇಲೆ ಮಲಗಿಸಿ, ಎಣ್ಣೆ ತಿಕ್ಕಿ ನೀರು ಹಾಕುತ್ತಿದ್ದಳು. ಅವನು ಬೀದಿಗೆಲ್ಲ ಕೇಳುವಂತೆ ಕಿರುಚುತ್ತಿದ್ದ. "ಅಳು ಮಗಾ ಅಳು, ಎದೆ ಗಟ್ಟಿಯಾಯ್ತದೆ" ಅನ್ನುತ್ತಿದ್ದಳು. ಇಂಥವಳು ಇರುವಾಗ, ಜ್ಞಾನಸ್ನಾನದಲ್ಲಿ ಮಗುವಿನ ಹೊಣೆ ಹೊತ್ತು ನಿಲ್ಲುವ ಜ್ಞಾನತಾಯಿ ಯಾರು ಎನ್ನುವ ಪ್ರಶ್ನೆಯೇ ನನಗೆ ಹುಟ್ಟಿರಲಿಲ್ಲ.

ಜ್ಞಾನಸ್ನಾನಕ್ಕೆ ಮೊದಲು ತಂದೆತಾಯಿಯೂ ಜ್ಞಾನತಂದೆ, ಜ್ಞಾನತಾಯಿಯೂ ತಯಾರಿಗೆ ಕೂರಬೇಕು. ಭಾನುವಾರದ ಪೂಜೆ ಮುಗಿದ ಮೇಲೆ ಚರ್ಚಿನ ಪಕ್ಕದ ಕೋಣೆಯಲ್ಲಿ ಪಾಠ. ಹೇಳುತ್ತಿದ್ದವರು ಕೆಲಸದಿಂದ ನಿವೃತ್ತರಾದ ಮೇಷ್ಟ್ರು. ಈ ನೀರು ಮೈ ತೊಳೆಯುವುದಕ್ಕಲ್ಲ, ಇದರಲ್ಲಿ ಹಳೆಯದು ಸತ್ತು ಹೊಸದು ಹುಟ್ಟುತ್ತದೆ, ಜನ್ಮಪಾಪ ಹೋಗುತ್ತದೆ, ಆತ್ಮದ ಮೇಲೆ ಒಂದು ಮುದ್ರೆ ಬೀಳುತ್ತದೆ, ಮನುಷ್ಯ ಎಲ್ಲಿಗೆ ಹೋದರೂ ಏನಾದರೂ ಆ ಮುದ್ರೆ ಅಳಿಸುವುದಿಲ್ಲ, ಅದಕ್ಕೇ ಜ್ಞಾನಸ್ನಾನ ಒಂದೇ ಸಲ ಎಂದು ಅವರು ಬಿಡಿಸಿ ಬಿಡಿಸಿ ಹೇಳುತ್ತಿದ್ದರು. ನನ್ನ ಗಂಡ ತೂಕಡಿಸುತ್ತಿದ್ದ. ಅಕ್ಕ ಗಲ್ಲಕ್ಕೆ ಕೈ ಕೊಟ್ಟು ಕೇಳುತ್ತಿದ್ದಳು.

ಜ್ಞಾನಸ್ನಾನದ ದಿನ ಹೇಳಬೇಕಾದ ಉತ್ತರಗಳನ್ನು ಮೇಷ್ಟ್ರು ಅಭ್ಯಾಸ ಮಾಡಿಸಿದರು. "ಸೈತಾನನನ್ನು ತ್ಯಜಿಸುತ್ತೀರಾ?"

"ಬುಟ್ಟೆ ಮೇಷ್ಟ್ರೆ" ಅಂದಳು ಅಕ್ಕ.

"ಬಿಟ್ಟೆ ಅಂದ್ರೆ ಕೊಟ್ಟಿಗೆಯಿಂದ ದನ ಬಿಟ್ಟ ಹಾಗಾಗುತ್ತಮ್ಮ. ತ್ಯಜಿಸುತ್ತೇನೆ ಅನ್ನಿ."

ಎಲ್ಲರೂ ನಕ್ಕರು, ಮೇಷ್ಟ್ರೂ ನಕ್ಕರು. ಆ ನಗುವಿನಲ್ಲೇ ಅವರು ಮುಂದಿನ ಪಾಠ ಶುರು ಮಾಡಿದರು. ಮಗುವಿನ ಜೀವ ಹೋಗುವಂತಿದ್ದು ಪಾದ್ರಿಗಳು ಸಿಗದೇ ಇದ್ದರೆ ಯಾರು ಬೇಕಾದರೂ ತಲೆಗೆ ನೀರು ಹಾಕಿ ಜ್ಞಾನಸ್ನಾನ ಕೊಡಬಹುದು. ಜ್ಞಾನಸ್ನಾನದ ಮಾತುಗಳನ್ನು ಸರಿಯಾಗಿ ಹೇಳಬೇಕು, ಧರ್ಮಸಭೆ ಅಂದರೆ ಚರ್ಚು ಮಾಡುವುದನ್ನೇ ಮಾಡುತ್ತಿದ್ದೇನೆ ಎಂಬ ಮನಸ್ಸಿರಬೇಕು, ಅಷ್ಟೇ.

"ಯಾರಾದ್ರೂವೆ?" ಅಂದಳು ಅಕ್ಕ.

"ಯಾರಾದರೂ. ಕ್ರೈಸ್ತರೇ ಆಗಬೇಕು ಅಂತೇನಿಲ್ಲ."

"ಅಂಗಾರೆ ನಮ್ಮೆಜಮಾನ್ರೂ ಹಾಕ್ಬೋದು!" ಅವಳ ಮುಖ ಅರಳಿತು.

ನಮ್ಮ ಕಡೆ ಕ್ರೈಸ್ತ ಹೆಂಗಸರೂ ತಾಳಿ ಕಟ್ಟಿಕೊಳ್ಳುತ್ತಾರೆ, ಹೂ ಮುಡಿಯುತ್ತಾರೆ. ಅವಳನ್ನು ನೋಡಿದರೆ ಗಂಡ ಹಿಂದೂ ಎಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಮದುವೆ ಎಲ್ಲಿ ಆಯಿತು ಎಂದು ಮೇಷ್ಟ್ರು ಮೆಲ್ಲಗೆ ಕೇಳಿದರು. "ಅವ್ರೂರಲ್ಲೇ, ಚಪ್ರ ಹಾಕಿ ಧಾರೆ ಎರೆದ್ರು" ಅಂದಳು. ಮೇಷ್ಟ್ರು ಪುಸ್ತಕ ಮುಚ್ಚಿದರು.

ಪಾದ್ರಿಗಳ ಹತ್ತಿರ ಹೋದೆ. ಕೂರಿಸಿ ಕಾಫಿ ಕೊಟ್ಟರು. ಚರ್ಚಿನ ಮದುವೆಯಾಗದವರು ಜ್ಞಾನತಾಯಿಯಾಗಿ ನಿಲ್ಲುವಂತಿಲ್ಲ, ಮಗುವಿಗೆ ವಿಶ್ವಾಸದ ದಾರಿ ತೋರಿಸಬೇಕಾದವರು ತಾವೇ ಆ ದಾರಿಯಲ್ಲಿರಬೇಕಲ್ಲಮ್ಮ ಎಂದರು.

"ಫಾದರ್, ನನ್ನ ಮಗು ಸಾಯೋ ಹಾಗಿದ್ರೆ ನಮ್ಮಕ್ಕ ನೀರು ಹಾಕಬಹುದಾ?"

"ಹಾಕಬಹುದು."

"ಚೆನ್ನಾಗಿದ್ರೆ ಪಕ್ಕದಲ್ಲಿ ನಿಂತ್ಕೋಬಾರದಾ?"

ಅವರು ನನ್ನ ಮೇಲೆ ರೇಗಲಿಲ್ಲ. ರೇಗಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ದಾರಿಯೊಂದಿದೆ ಎಂದರು. ಭಾವ ಮತ ಬದಲಿಸಬೇಕಿಲ್ಲ. ಇಬ್ಬರೂ ಬಂದರೆ ಬಿಷಪ್ಪರಿಂದ ಅಪ್ಪಣೆ ತರಿಸಿ, ಚಿಕ್ಕದಾಗಿ ಮದುವೆಯ ವಿಧಿ ನಡೆಸಿ ಸರಿ ಮಾಡಿಕೊಡುತ್ತೇನೆ, ಆಮೇಲೆ ಅವಳು ನಿಲ್ಲಬಹುದು ಎಂದರು. ಅಷ್ಟರಲ್ಲಿ ಅಕ್ಕ ತನ್ನೂರಿಗೆ ಹೋಗಿಬಿಟ್ಟಿದ್ದಳು; ನಾನು ಮಗುವನ್ನು ಅತ್ತೆಯ ಕೈಗೆ ಕೊಟ್ಟು ಕನಕಪುರದ ಬಸ್ಸು ಹತ್ತಿದೆ. ಭಾವ ಹೊಲದಿಂದ ಬಂದವನು ಪೂರ್ತಿ ಕೇಳುವ ಮೊದಲೇ "ಅದ್ಕೇನಂತೆ, ಬತ್ತೀನಿ" ಅಂದ. ಆಗ ಬೇಡ ಅಂದವಳು ಅಕ್ಕ!

"ಇಷ್ಟು ವರ್ಸ ಬಾಳಿದ್ದು ಮದ್ವೆ ಅಲ್ಲ ಅಂತ ನಾನೇ ಹೋಗಿ ಒಪ್ಕಂಡಂಗಾಯ್ತದೆ ಕಣೆ."

ಯಾರೂ ಹಾಗಂದಿಲ್ಲ, ಹತ್ತು ನಿಮಿಷದ ಕೆಲಸ, ನನಗೋಸ್ಕರ ಬಾ ಎಂದು ಗೋಗರೆದೆ. ನಿನಗೆ ನನ್ನ ಮಗುವಿಗಿಂತ ಹಠವೇ ದೊಡ್ಡದಾಯಿತು ಅಂತಲೂ ಅಂದೆ. ಅವಳು ರಾಗಿ ಕೇರುತ್ತಿದ್ದ ಮೊರ ಕೆಳಗಿಟ್ಟಳು.

"ಮಗೀನ ತಲೆ ಮ್ಯಾಲೆ ಹುಯ್ದ ನೀರು ಯಾವತ್ತೂ ಅಳ್ಸಕಿಲ್ಲ ಅಂತ ಮೇಷ್ಟ್ರೇ ಹೇಳಿದ್ರಲ್ಲ. ನನ್ನ ಕೈ ಮ್ಯಾಲೆ ಹುಯ್ದ ಧಾರೆ ಮಾತ್ರ ಅಳ್ಸೋಯ್ತದಾ? ಆ ಮದ್ವೆ ಸುಳ್ಳಾದ್ರೆ ನನ್ನ ಹೆಣ್ಮಕ್ಳು ಯಾರ ಮಕ್ಳಾಯ್ತವೆ, ನೀನೇ ಹೇಳು."

ನಾನು ಎದ್ದು ಹೊರಟೆ. ಸಿಟ್ಟು ಇನ್ನಷ್ಟು ಹೆಚ್ಚಾಗಿತ್ತು. ದಾರಿಯುದ್ದಕ್ಕೂ ಪಾದ್ರಿಗಳನ್ನೂ ಅಕ್ಕನನ್ನೂ ಸೇರಿಸಿ ಬೈದುಕೊಂಡು ಬಂದೆ. ಮನೆಯಲ್ಲಿ ಅತ್ತೆಯದು ಒಂದೇ ರಾಗ. ಜ್ಞಾನಸ್ನಾನವಾಗದ ಕೂಸನ್ನು ಎಷ್ಟು ದಿನ ಹೀಗೇ ಇಟ್ಟುಕೊಳ್ಳುತ್ತೀಯ, ಜ್ವರಗಿರ ಬಂದರೆ ಯಾರು ಗತಿ? ಗಂಡ ಎಂದಿನಂತೆ "ಸುಮ್ನಿರು, ಎಲ್ಲಾ ಸರಿಹೋಗುತ್ತೆ" ಎಂದ. ಅವನ ಪಾಲಿಗೆ ಸರಿಹೋಯಿತು. ಚನ್ನಪಟ್ಟಣದಿಂದ ಅವನ ತಂಗಿ ಬಂದು ಒಂದೇ ಒಂದು ಪಾಠಕ್ಕೆ ಕೂತು ಜ್ಞಾನತಾಯಿಯಾದಳು. ಪಾಪ, ಅವಳದೇನೂ ತಪ್ಪಿಲ್ಲ. ಮಗುವನ್ನು ಎತ್ತಿಕೊಳ್ಳಲು ಸರಿಯಾಗಿ ಬರುತ್ತಿರಲಿಲ್ಲ, ಅಷ್ಟೇ.

ಜ್ಞಾನಸ್ನಾನದ ಭಾನುವಾರ ಅಕ್ಕ ಬರುವುದಿಲ್ಲ ಅಂದುಕೊಂಡಿದ್ದೆ. ಬಂದಿದ್ದಳು. ಗಂಡ, ಇಬ್ಬರು ಹೆಣ್ಣುಮಕ್ಕಳ ಜೊತೆ ಕೊನೆಯ ಬೆಂಚಿನಲ್ಲಿ ಕೂತಿದ್ದಳು. ಪಾದ್ರಿಗಳು ಮೂರು ಸಲ ನೀರು ಹಾಕಿದರು, ನೆತ್ತಿಗೆ ತೈಲ ಹಚ್ಚಿದರು, ಬಿಳಿ ಬಟ್ಟೆ ಹೊದಿಸಿದರು. ಮಗ ಒಂದಿಷ್ಟೂ ಅಳಲಿಲ್ಲ. ಎಲ್ಲರೂ ಎಷ್ಟು ಒಳ್ಳೆ ಮಗು ಎಂದರು.

ಎಲ್ಲ ಮುಗಿದ ಮೇಲೆ ನಾದಿನಿಯ ಕೈಯಿಂದ ಮಗುವನ್ನು ತೆಗೆದುಕೊಂಡು ನೇರ ಹಿಂದಿನ ಬೆಂಚಿಗೆ ಹೋದೆ. ತಗೋ ಎಂದು ಅಕ್ಕನ ಮುಂದೆ ಹಿಡಿದೆ. ನಾನು ಹೆತ್ತ ದಿನದಿಂದ ಕೇಳದೆ ಕೊಳ್ಳದೆ ಅವನನ್ನು ಕಿತ್ತುಕೊಂಡು ಬಚ್ಚಲಿಗೆ ಹೋಗುತ್ತಿದ್ದವಳು ಎದ್ದು ನಿಂತಳು, ಎರಡೂ ಕೈಯನ್ನು ಸೆರಗಿಗೆ ಒರೆಸಿಕೊಂಡಳು, ಆದರೂ ಕೈ ಚಾಚಲಿಲ್ಲ.

"ತೈಲ ಹಚ್ಚವ್ರಲ್ಲ" ಅಂದಳು. "ನಾನೀಗ ಮುಟ್ಬೋದೇನೆ?"